ಗಾಳಿಗೆ ಆಡಿದ ಕತ್ತರಿ

ಕಚಕಚಣ್ಣನಿಗೆ ಆ ಹೆಸರು ಬಂದದ್ದು ಅವನ ಕತ್ತರಿಯಿಂದ. ಹುಟ್ಟಿದಾಗ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಉಳಿದಿತ್ತು, ಅಷ್ಟೇ. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನ ಶೆಡ್ಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅವನ ಮೂರು ಕುರ್ಚಿಯ ಕ್ಷೌರದಂಗಡಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಕಚಕಚ, ಕಚಕಚ, ಬೆಳಿಗ್ಗೆ ಏಳೂವರೆಯಿಂದಲೇ ಶುರು. ಕೂದಲಿಗೆ ಕತ್ತರಿ ಒಂದು ಸಲ ತಾಗಿದರೆ, ಎಡಗೈಯ ಬಾಚಣಿಗೆ ಮುಂದಿನ ಹಿಡಿ ಕೂದಲನ್ನು ಎತ್ತುವ ತನಕ ಅದು ಖಾಲಿ ಗಾಳಿಯಲ್ಲೇ ಎರಡು ಮೂರು ಸಲ ಬಾಯಿ ತೆರೆದು ಮುಚ್ಚುತ್ತಿತ್ತು. ಕುರ್ಚಿಯಲ್ಲಿ ಕೂತವನಿಗೆ ಕಿವಿಯ ಪಕ್ಕದ ಆ ಸದ್ದಿಗೇ ತೂಕಡಿಕೆ ಬಂದು ಕಣ್ಣು ಮುಚ್ಚಿಹೋಗುತ್ತಿತ್ತು.

ಅದು ಅವನ ಅಪ್ಪ ಕಲಿಸಿದ ವಿದ್ಯೆ. ಕತ್ತರಿ ಸುಮ್ಮನಾದರೆ ಗಿರಾಕಿ ಕಣ್ಣು ಬಿಡುತ್ತಾನೆ, ಕಣ್ಣು ಬಿಟ್ಟರೆ ಕನ್ನಡಿ ನೋಡುತ್ತಾನೆ, ಕನ್ನಡಿ ನೋಡಿದರೆ ತಪ್ಪು ಹುಡುಕುತ್ತಾನೆ. ಆದ್ದರಿಂದ ಕತ್ತರಿ ಸುಮ್ಮನಾಗಬಾರದು. ಇದನ್ನೇ ಕಚಕಚಣ್ಣ ತನ್ನ ತಮ್ಮನಿಗೂ ಕಲಿಸಿದ. ತಮ್ಮ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ ಅವನಿಗೆ ಅಪ್ಪ, ಗುರು, ಯಜಮಾನ ಎಲ್ಲ ಅಣ್ಣನೇ. ಕಲಿಯುವ ದಿನಗಳಲ್ಲಿ ತಮ್ಮನ ಕತ್ತರಿ ಒಂದು ಕ್ಷಣ ನಿಂತರೂ ಅಣ್ಣನ ಬಾಚಣಿಗೆಯ ಬೆನ್ನು ಅವನ ಬೆರಳಿನ ಗೆಣ್ಣಿನ ಮೇಲೆ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷ ಇಬ್ಬರೂ ಪಕ್ಕಪಕ್ಕದ ಕುರ್ಚಿಗಳ ಹಿಂದೆ ನಿಂತು ಜೋಡಿ ಕತ್ತರಿ ಆಡಿಸಿದರು. ಮೂರನೆಯ ಕುರ್ಚಿ ಪೇಪರ್ ಓದಲು ಬಂದು ಕೂರುವವರಿಗೆ.

ಇನ್ನು ಅವನ ಕೋಪ. ಅದು ಮೂಗಿನ ತುದಿಯಲ್ಲಿತ್ತು ಎಂದರೆ ಕಡಿಮೆ ಹೇಳಿದಂತೆ. ಮೂಗು ತಲುಪುವ ಮೊದಲೇ ಬಾಯಿಂದ ಹೊರಟಿರುತ್ತಿತ್ತು. ತಲೆ ಅಲ್ಲಾಡಿಸಿದವರ ಮೇಲೆ ಕೋಪ, ಫೋನ್ ಬಂತೆಂದು ಬಟ್ಟೆಯ ಅಡಿಯಿಂದ ಕೈ ತೆಗೆದವರ ಮೇಲೆ ಕೋಪ, ಬೇರೆ ಅಂಗಡಿಯಲ್ಲಿ ಕೆಡಿಸಿಕೊಂಡ ತಲೆಯನ್ನು ರಿಪೇರಿಗೆ ತಂದವರ ಮೇಲಂತೂ ಕೆಂಡ. ಕೆಲಸ ಅಚ್ಚುಕಟ್ಟಾಗಿತ್ತು, ಹಾಗಾಗಿ ಗಿರಾಕಿಗಳು ಬೈಸಿಕೊಂಡೇ ಬರುತ್ತಿದ್ದರು. ತನ್ನ ಕೆಲಸ ಅಚ್ಚುಕಟ್ಟು ಎಂದು ಗೊತ್ತಿರುವವನ ಕೋಪಕ್ಕೆ ಲಗಾಮು ಹಾಕುವವರು ಯಾರು?

ಐವತ್ನಾಲ್ಕನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ನೀರು ತುಂಬಿದ ಮಗ್ ಎತ್ತಿದಾಗ, ಬಲಗೈಯ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಕಾದ ತಂತಿ ಎಳೆದಂತಾಯಿತು. ಮಗ್ ಕೆಳಗೆ ಬಿತ್ತು. ಇಷ್ಟು ದೊಡ್ಡ ಮಗ್ ತಂದದ್ದು ಯಾರು ಎಂದು ಒದ್ದೆ ಮೈಯಲ್ಲೇ ಹೆಂಡತಿಯ ಮೇಲೆ ಹರಿಹಾಯ್ದ. ಮುಂದಿನ ವಾರ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಗುಂಡಿಯ ತೂತು ಸಣ್ಣದು ಮಾಡಿದ ದರ್ಜಿಗೆ ಮನೆಯಲ್ಲೇ ನಿಂತು ಶಾಪ ಹಾಕಿದ. ಅದರ ಮುಂದಿನ ವಾರ ಅಂಗಡಿಯ ಬೀಗ ತಿರುಗಲಿಲ್ಲ. ಬೀಗ ಹಳೆಯದಾಯಿತು ಎಂದು ಹೊಸದು ತಂದ, ಅದೂ ತಿರುಗಲಿಲ್ಲ. ಮಣಿಕಟ್ಟಿನ ಪಕ್ಕದಲ್ಲಿ ಕಡಲೆ ಗಾತ್ರದ ಊತ ಎದ್ದಿತ್ತು, ಹೆಬ್ಬೆರಳು ಆಡಿಸಿದರೆ ಒಳಗೆ ಏನೋ ಕರಕರ ಉಜ್ಜಿದಂತೆ ತಿಳಿಯುತ್ತಿತ್ತು. ಆದರೂ ಅದು ತನ್ನ ಕೈಯ ತಪ್ಪು ಎಂದು ಒಪ್ಪಿಕೊಳ್ಳಲು ಆ ಮನುಷ್ಯ ತಯಾರಿರಲಿಲ್ಲ.

ಮಾಡಬಾರದ್ದನ್ನೆಲ್ಲ ವರಸೆಯಾಗಿ ಮಾಡಿದ. ಪಕ್ಕದ ಔಷಧಿ ಅಂಗಡಿಯವನಿಂದ ನೋವಿನ ಮಾತ್ರೆ ತಂದು ಹೊತ್ತಿಗೊಂದು ನುಂಗಿದ. ನೋವು ಅಡಗಿದ ಧೈರ್ಯದಲ್ಲಿ ಇನ್ನಷ್ಟು ತಲೆ ಕತ್ತರಿಸಿದ. ಮಾತ್ರೆಗೆ ಹೊಟ್ಟೆ ಉರಿಯಿತು, ಹೊಟ್ಟೆಗೆ ಬೇರೆ ಮಾತ್ರೆ ತಂದ. ಎಣ್ಣೆ ತಿಕ್ಕುವವನೊಬ್ಬನ ಹತ್ತಿರ ಹೋಗಿ, ಊದಿದ ಜಾಗವನ್ನೇ ಹೆಬ್ಬೆರಳೂರಿ ಒತ್ತಿಸಿಕೊಂಡು, ಕಣ್ಣಲ್ಲಿ ನೀರು ಬಂದದ್ದನ್ನು ಎಣ್ಣೆಯ ಘಾಟು ಎಂದ. ಕೊನೆಗೆ ಬ್ಯಾಂಡೇಜ್ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಅದು ಕಾಣದಂತೆ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿ ನಿಂತ.

ಇನ್ನೂ ಒಂದು ಕೆಲಸ ಮಾಡಿದ. ಅದನ್ನು ಹೇಳುವಾಗ ಹೇಳುವವರಿಗೇ ಸಿಟ್ಟು ಬರುತ್ತದೆ. ಕತ್ತರಿಯ ನಡುವೆ ಎರಡು ಅಲಗನ್ನೂ ಹಿಡಿದಿಡುವ ಒಂದು ತಿರುಪು ಇರುತ್ತದೆ. ನೋವಿಗೆ ಕೈ ಮೆತ್ತಗಾಗಿ ಸದ್ದು ತಗ್ಗಿತಲ್ಲ, ಮೊದಲಿನ ಸದ್ದೇ ಬರಲಿ ಎಂದು ಆ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿದ. ಕತ್ತರಿ ಗಟ್ಟಿಯಾಗಿ ಮಾತಾಡಿತು, ಅದನ್ನು ತೆರೆಯಲು ಹೆಬ್ಬೆರಳು ಎರಡು ಪಟ್ಟು ದುಡಿಯಬೇಕಾಯಿತು. ಸಾಣೆಯವನಿಗೆ ಕೊಡುವ ಮಾತೇ ಇಲ್ಲ. ಸಾಣೆ ಹಿಡಿದರೆ ಕತ್ತರಿಯ ದನಿ ಬದಲಾಗುತ್ತದಂತೆ. ಮೊಂಡು ಕತ್ತರಿ, ಬಿಗಿ ತಿರುಪು, ಊದಿದ ಕೈ, ಇವೆಲ್ಲಕ್ಕಿಂತ ಮೊಂಡ ಆ ಮನುಷ್ಯ, ಎಲ್ಲ ಸೇರಿ ನಾಲ್ಕು ತಿಂಗಳು ತಳ್ಳಿದವು.

ಒಂದು ಭಾನುವಾರ, ಅಂಗಡಿ ತುಂಬಿದ್ದಾಗ, ಹೆಬ್ಬೆರಳು ತಟ್ಟನೆ ಸೋತು ಕತ್ತರಿಯ ತುದಿ ನಿವೃತ್ತ ಹೆಡ್‌ಮಾಸ್ಟರರ ಕಿವಿಗೆ ತಾಗಿತು. ಸಾಸಿವೆಯಷ್ಟು ರಕ್ತ. ತಪ್ಪಾಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಕಚಕಚಣ್ಣ ಉರಿದುಬಿದ್ದು, ಕಿವಿಯನ್ನು ಅಷ್ಟು ಅಗಲ ಬೆಳೆಸಿಕೊಂಡು ಬಂದರೆ ಕತ್ತರಿ ಎಲ್ಲಿ ಓಡಾಡಬೇಕು ಎಂದುಬಿಟ್ಟ. ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮೇಷ್ಟ್ರು ಸುಮ್ಮನಿರುವರೇ? ಅರ್ಧ ತಲೆಯಲ್ಲೇ ಎದ್ದು, ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಬೀದಿಗಿಳಿದರು. ಕಚಕಚಣ್ಣನ ತಮ್ಮ ಬಾಚಣಿಗೆ, ಕತ್ತರಿ ಹಿಡಿದು ಹಿಂದೆ ಓಡಿ, ಸೈಕಲ್ ಶೆಡ್ಡಿನ ಸ್ಟೂಲಿನ ಮೇಲೆ ಅವರನ್ನು ಕೂರಿಸಿ ಉಳಿದರ್ಧ ಮುಗಿಸಿಕೊಟ್ಟ.

ಸುದ್ದಿ ಮನೆಗೆ ಅಣ್ಣನಿಗಿಂತ ಮೊದಲೇ ಮುಟ್ಟಿತ್ತು. ಹೆಂಡತಿ ಅವನ ಅಂಗಿಯ ತೋಳು ಮಡಚಿ, ಬ್ಯಾಂಡೇಜ್ ಬಿಚ್ಚಿ ನೋಡಿದಳು. ಅವಳು ಹೆಚ್ಚು ಮಾತಾಡುವವಳಲ್ಲ. ಮರುದಿನ ಬೆಳಿಗ್ಗೆ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿ, ಹತ್ತುತ್ತೀರೋ ಅಥವಾ ಬೀದಿಯವರನ್ನು ಕರೆದು ಹತ್ತಿಸಲೋ ಎಂದು ಕೇಳಿದಳು.

ಆಸ್ಪತ್ರೆಯ ಡಾಕ್ಟರು ಎರಡು ನಿಮಿಷ ನೋಡಿ, ಅಂಗಡಿಯ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ಹಿಂಬದಿಯ ಕಟ್ಟಡದ ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿ ಕಿಟಕಿಯ ಸರಳಿಗೆ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು ನೇತಾಡುತ್ತಿದ್ದವು, ಮೂಲೆಯಲ್ಲೊಂದು ಹಳೆಯ ಫ್ರಿಜ್ ಗುರುಗುಡುತ್ತಿತ್ತು. ಫಿಸಿಯೋ ಮೇಡಂ ಚಿಕ್ಕ ವಯಸ್ಸಿನವಳು, ಕೂದಲು ಕತ್ತಿನ ತನಕ ಕತ್ತರಿಸಿಕೊಂಡಿದ್ದಳು. ಕಚಕಚಣ್ಣನಿಗೆ ಮೊದಲು ಕಂಡದ್ದು ಅವಳ ಎಡಕಿವಿಯ ಹಿಂದೆ ಕೂದಲು ಅರ್ಧ ಬೆರಳು ಸೊಟ್ಟಗಿರುವುದು. ತನ್ನ ತಲೆಯನ್ನೇ ನೇರ ಇಟ್ಟುಕೊಳ್ಳಲಾರದವಳು ನನ್ನ ಕೈಯನ್ನೇನು ನೇರ ಮಾಡುತ್ತಾಳೆ ಎಂದು ಕೂತ ಕ್ಷಣದಲ್ಲೇ ತೀರ್ಮಾನ ಮಾಡಿಯಾಯಿತು.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು, ಮುಷ್ಟಿಯನ್ನು ನಿಧಾನಕ್ಕೆ ಕಿರುಬೆರಳಿನ ಕಡೆ ಬಗ್ಗಿಸಿ ಎಂದಳು. ಬಗ್ಗಿಸಿದ. ಹೊರಗೆ ಸಾಲಿನಲ್ಲಿ ಕೂತಿದ್ದವರು ಎದ್ದು ನಿಲ್ಲುವಂತೆ ಕೂಗಿದ.

ಅವಳು ಗಾಬರಿಯಾಗಲಿಲ್ಲ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳಿರುತ್ತವೆ, ಹೆಬ್ಬೆರಳಿನ ಎರಡು ಹುರಿ ಮಣಿಕಟ್ಟಿನ ಹತ್ತಿರ ಒಂದು ಕಿರಿದಾದ ದಾರಿಯಲ್ಲಿ ತೂರಿ ಹೋಗುತ್ತವೆ ಎಂದಳು. ಪೈಜಾಮದ ಸೊಂಟಪಟ್ಟಿಯಲ್ಲಿ ಲಾಡಿ ಓಡಾಡುವ ಹಾಗೆ. ಅದೇ ಲಾಡಿಯನ್ನು ದಿನಕ್ಕೆ ಸಾವಿರಾರು ಸಲ ಎಳೆದೂ ಬಿಟ್ಟೂ ಮಾಡಿದರೆ ಲಾಡಿ ಜುಂಗೆದ್ದು ಊದುತ್ತದೆ, ಪಟ್ಟಿಯೂ ದಪ್ಪವಾಗುತ್ತದೆ, ಆಮೇಲೆ ಎಳೆದಾಗೆಲ್ಲ ಉಜ್ಜುತ್ತದೆ. ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಕೆಲಸ ಮಾಡಿದರೆ ಉಜ್ಜುವುದು ನಿಲ್ಲುವುದಿಲ್ಲ, ಎಣ್ಣೆ ಹಾಕಿ ತಿಕ್ಕಿದರೆ ಊತ ಹೆಚ್ಚುತ್ತದೆ, ಮಾತ್ರೆ ನುಂಗಿ ನೋವು ಮರೆತರೆ ಇನ್ನಷ್ಟು ಎಳೆಯುತ್ತೀರಿ. ಆರು ವಾರ ಕತ್ತರಿ ಮುಟ್ಟಬಾರದು, ಹೆಬ್ಬೆರಳನ್ನೂ ಮಣಿಕಟ್ಟನ್ನೂ ಹಿಡಿದಿಡುವ ಪಟ್ಟಿ ಕೊಡುತ್ತೇನೆ ಎಂದಳು. ಆರು ವಾರ ಎಂಬುದು ಬಿಟ್ಟು ಅವನ ಕಿವಿಗೆ ಬೇರೇನೂ ಬೀಳಲಿಲ್ಲ. ಆರು ವಾರ ಅಂಗಡಿಗೆ ಬೀಗ ಹಾಕಿದರೆ ಇವಳು ಬಂದು ತೆಗೆಯುತ್ತಾಳೆಯೇ?

ಅವಳಿಗೆ ಇನ್ನೊಂದು ಅನುಮಾನವಿತ್ತು. ಮೂವತ್ತು ವರ್ಷದಿಂದ ಕತ್ತರಿ ಹಿಡಿದವರೆಲ್ಲರಿಗೂ ಇಷ್ಟು ಹಾಳಾಗುವುದಿಲ್ಲ, ನಾಳೆ ನಿಮ್ಮ ಕತ್ತರಿ ತಂದು ಹೇಗೆ ಕೆಲಸ ಮಾಡುತ್ತೀರಿ ಒಂದೇ ಒಂದು ಸಲ ತೋರಿಸಿ ಎಂದಳು. ತೋರಿಸು ಎಂದರೆ ಬಿಡುವ ಆಸಾಮಿಯೇ ಅವನು? ಮರುದಿನ ಆಸ್ಪತ್ರೆಯ ಮುದಿ ವಾಚ್‌ಮನ್‌ನನ್ನು ಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದರು. ಕಚಕಚಣ್ಣ ಹಲ್ಲು ಕಚ್ಚಿಕೊಂಡು, ಆದರೆ ಸದ್ದಿನಲ್ಲಿ ಒಂದಿಷ್ಟೂ ಕುಂದಿಲ್ಲದಂತೆ, ಮುದುಕನ ತಲೆಯನ್ನು ಚಿತ್ರ ಬರೆದಂತೆ ಮಾಡಿಟ್ಟ. ಅಷ್ಟು ಹೊತ್ತೂ ಅವಳು ಕಾಗದದ ಮೇಲೆ ಎರಡು ಸಾಲಿನಲ್ಲಿ ಗೀಟು ಎಳೆಯುತ್ತಿದ್ದಳು. ಕೆಲಸ ಮುಗಿದ ಮೇಲೆ ಲೆಕ್ಕ ಹಾಕಿದಳು.

"ಯಜಮಾನ್ರೇ, ಇವರ ತಲೇಲಿ ನೀವು ಕೂದಲು ಕತ್ತರಿಸಿದ್ದು ಮುನ್ನೂರ ಹತ್ತು ಸಲ. ಬರೀ ಗಾಳಿ ಕತ್ತರಿಸಿದ್ದು ಏಳುನೂರ ನಲವತ್ತು."

"ಅದು ಗಾಳಿ ಅಲ್ಲ ಮೇಡಂ, ಅದು ಕೈಚಳಕ."

"ನಿಮ್ಮ ಹೆಬ್ಬೆರಳಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಅದು ಎಲ್ಲಾನೂ ದುಡಿಮೆ ಅಂತಾನೇ ಲೆಕ್ಕ ಇಡುತ್ತೆ. ದಿನಕ್ಕೆ ಎಷ್ಟು ತಲೆ?"

ಇಪ್ಪತ್ತು ಎಂದು ಜೊತೆಗೆ ಬಂದಿದ್ದ ಹೆಂಡತಿ ಹೇಳಿದಳು. ಅಂದರೆ ದಿನಾ ಹದಿನೈದು ಸಾವಿರ ಸಲ ನೀವು ಗಾಳಿಗೆ ಕ್ಷೌರ ಮಾಡುತ್ತಿದ್ದೀರಿ ಎಂದಳು ಫಿಸಿಯೋ. ವಾಚ್‌ಮನ್ ಕಿಸಕ್ಕನೆ ನಕ್ಕ. ಕಚಕಚಣ್ಣನ ಸಿಟ್ಟು ನೆತ್ತಿಗೇರಿತು. ನಮ್ಮಪ್ಪ ನಲವತ್ತು ವರ್ಷ ಹೀಗೇ ಕೆಲಸ ಮಾಡಿದ, ಪುಸ್ತಕ ಓದಿದವರು ಕತ್ತರಿ ಹಿಡಿದವರಿಗೆ ಪಾಠ ಹೇಳಬೇಡಿ, ಮೊದಲು ನಿಮ್ಮ ಎಡಕಿವಿಯ ಹಿಂದೆ ನೋಡಿಕೊಳ್ಳಿ ಎಂದು ಕೂಗಾಡಿ ದಡಬಡ ಹೊರಟ. ಕತ್ತರಿಯನ್ನು ಅಲ್ಲೇ ಮರೆತು ಬಂದಿದ್ದ. ಅದು ಹೆಂಡತಿಯ ಚೀಲ ಸೇರಿತ್ತು.

ಮನೆಗೆ ಬಂದ ಮೇಲೆ ಅವಳು ಅದನ್ನು ಕೊಡಲಿಲ್ಲ. ನಿಮ್ಮ ಅಪ್ಪನ ಕೈ ಕೊನೆಕೊನೆಗೆ ಹೇಗಿತ್ತು ನೆನಪಿದೆಯೇ ಎಂದಷ್ಟೇ ಕೇಳಿದಳು. ಊಟ ಕಲಸಿ ಬಾಯಿಗಿಡುತ್ತಿದ್ದವಳು ಅವಳೇ. ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಆಗ ಎಲ್ಲರೂ ತಿಳಿದಿದ್ದರು. "ಗಾಳಿ ಕತ್ತರಿಸೋಕೆ ಹೋಗಿ ಆ ಕೈ ಹೋಯ್ತು, ಈಗ ಈ ಕೈ. ನನಗೆ ನಿಮಗೂ ತುತ್ತು ಕೊಡೋ ಆಸೆ ಇಲ್ಲಾ ರೀ," ಎಂದು ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀಗ ತಿರುಗಿಸುವ ಶಕ್ತಿ ಅವನ ಕೈಯಲ್ಲಿರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಆರು ವಾರ ಅವನು ಬೈಯುತ್ತಲೇ ವಾಸಿಯಾಗುತ್ತ ಬಂದ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡುವಾಗ ಐಸಿಗೆ ಬೈದ. ದಿನಕ್ಕೆ ನಾಲ್ಕು ಸಲ ಪಟ್ಟಿ ಬಿಚ್ಚಿ, ನೋಯದಷ್ಟು ಮಾತ್ರ ಹೆಬ್ಬೆರಳನ್ನು ಆಡಿಸಬೇಕಿತ್ತು. ಪೂರ್ತಿ ಕಟ್ಟಿಹಾಕಿದರೂ ಕೈ ಮರಗಟ್ಟುತ್ತದಂತೆ. ಆಗ ಪಟ್ಟಿಗೆ ಬೈದ. ನೋವು ಇಳಿದ ಮೇಲೆ ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ನಿಧಾನಕ್ಕೆ ಅಗಲಿಸುವ ವ್ಯಾಯಾಮ ಬಂತು, ದಿನ ಕಳೆದಂತೆ ಬ್ಯಾಂಡ್ ದಪ್ಪವಾಯಿತು. ಅವನ ಜಾಗದಲ್ಲಿ ಇನ್ಯಾರನ್ನೂ ನಿಲ್ಲಿಸಲು ಅವನು ಒಪ್ಪಲಿಲ್ಲವಾದ್ದರಿಂದ ಎರಡು ಕುರ್ಚಿಯ ಕೆಲಸವೂ ತಮ್ಮನ ತಲೆಗೆ ಬಿತ್ತು.

ಅಣ್ಣ ಮನೆಯಲ್ಲಿ ಕೂರುವವನೇ? ದಿನಾ ಹೋಗಿ ಮೂರನೆಯ ಕುರ್ಚಿಯಲ್ಲಿ ಕೂತು ತಮ್ಮನ ಕೈ ನೋಡುತ್ತಿದ್ದ. ತಮ್ಮ ಒಂದೆರಡು ವರ್ಷದಿಂದ ಮಾತುಮಾತಿಗೆ ಕರೆಂಟಿನ ಮೆಷಿನ್ ಹಿಡಿಯುತ್ತಿದ್ದ. ಅಣ್ಣನ ದೃಷ್ಟಿಯಲ್ಲಿ ಅದು ಶುದ್ಧ ಸೋಮಾರಿತನ. ಹುಲ್ಲು ಕತ್ತರಿಸುವವರೂ ಮೆಷಿನ್ ಹಿಡಿಯುತ್ತಾರೆ, ಅದಕ್ಕೆ ನಾನು ನಿನಗೆ ಇಷ್ಟು ವರ್ಷ ಕಲಿಸಬೇಕಿತ್ತೇ ಎಂದು ಗಿರಾಕಿಗಳ ಎದುರೇ ಝಾಡಿಸುತ್ತಿದ್ದ. ತಮ್ಮ ಮೆಷಿನ್ ಕೆಳಗಿಟ್ಟು ಕತ್ತರಿ ಎತ್ತುತ್ತಿದ್ದ. ಕಚಕಚ, ಕಚಕಚ. ಅಣ್ಣನ ಜೀವಕ್ಕೆ ಸಮಾಧಾನವಾಗುತ್ತಿತ್ತು.

ಮೂರನೆಯ ತಿಂಗಳಿಗೆ ಕಚಕಚಣ್ಣನ ಕೈ ಮುಕ್ಕಾಲು ಪಾಲು ಸರಿಹೋಯಿತು. ವಾಸಿಯಾದ ಕೂಡಲೇ ಅವನು ಮಾಡಿದ್ದೇನು ಗೊತ್ತೇ? ಫಿಸಿಯೋ ಹೇಳಿಕೊಟ್ಟ ವಿದ್ಯೆಯನ್ನೆಲ್ಲ ತಾನೇ ಕಂಡುಹಿಡಿದವನ ಹಾಗೆ ಬೀದಿಗೆಲ್ಲ ಹಂಚತೊಡಗಿದ. ಕತ್ತರಿಯನ್ನು ಸಾಣೆಗೆ ಕೊಟ್ಟ, ತಿರುಪನ್ನು ಸಡಿಲ ಮಾಡಿದ, ಹೆಬ್ಬೆರಳು ತೂರಿಸುವ ಬಳೆ ಅಗಲವಾಗಿರುವ ಹಗುರದ ಕತ್ತರಿ ತಂದ. ಮೊಣಕೈ ರೆಕ್ಕೆಯ ಹಾಗೆ ಮೇಲೇಳದಂತೆ ಕುರ್ಚಿಯ ಎತ್ತರ ಸರಿಮಾಡಿದ, ಎರಡು ತಲೆಗೊಮ್ಮೆ ಕೈಗೆ ಬಿಡುವು ಕೊಟ್ಟ. ಗಾಳಿಗೆ ಒಂದು ಸಲವೂ ಕತ್ತರಿ ಆಡಿಸದೆ ಒಂದು ತಲೆ ಪೂರ್ತಿ ಮಾಡಲು ಅವನಿಗೆ ಹನ್ನೊಂದು ದಿನ ಹಿಡಿಯಿತು. ಗಿರಾಕಿಗಳು ಕಣ್ಣು ಬಿಟ್ಟರು, ಕನ್ನಡಿ ನೋಡಿದರು, ಯಾರೂ ತಪ್ಪು ಹುಡುಕಲಿಲ್ಲ.

ಇವತ್ತಿನಿಂದ ಖಾಲಿ ಕತ್ತರಿ ಬಂದ್ ಎಂದು ತಮ್ಮನಿಗೂ ಅಪ್ಪಣೆಯಾಯಿತು. ತಮ್ಮ ಸರಿ ಎಂದ. ಆದರೆ ಅವನ ಕತ್ತರಿ ನಿಲ್ಲಲಿಲ್ಲ. ಅಣ್ಣ ಗದರಿದರೆ ಐದು ನಿಮಿಷ ಸುಮ್ಮನಿದ್ದು ಮತ್ತೆ ಕಚಕಚ. ಒಂದು ವಾರ ಹೀಗೇ ನಡೆಯಿತು. ರಜೆಯ ದಿನ ಕಚಕಚಣ್ಣ, ತಮ್ಮನ ಸಂಸಾರವಿರುವ ಮಹಡಿಗೆ ಕೇಳಲಿ ಎಂದೇ ನಡುಮನೆಯಲ್ಲಿ ನಿಂತು, ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ, ಬೇಕಂತಲೇ ನನ್ನ ಎದುರು ಕಚಕಚ ಮಾಡುತ್ತಾನೆ, ಕೈ ಮುರಿದುಕೊಳ್ಳಲಿ ಎಂದು ಅರಚಿದ.

ಮಹಡಿಯಿಂದ ತಮ್ಮನ ಹೆಂಡತಿ ಒಂದೂವರೆ ವರ್ಷದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಇಳಿದು ಬಂದಳು. ಭಾವನ ಎದುರು ದನಿ ಎತ್ತಿದವಳಲ್ಲ. ಆವತ್ತು ಎತ್ತಿದಳು.

"ಕೈ ಆಗಲೇ ಮುರಿದಿದೆ ಭಾವ. ಈ ಮಗು ಹುಟ್ಟಿದಾಗಿನಿಂದ ಅವರು ಒಂದು ಸಲಾನೂ ಇದನ್ನ ನೆಲದಿಂದ ಎತ್ತಿಲ್ಲ. ಕೂತ್ಕೊಂಡು ಮಡಿಲಿಗೆ ಹಾಕಿಸ್ಕೋತಾರೆ. ಯಾಕೆ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ನವಾಬನ ಹಾಗೆ ಕೂತಲ್ಲೇ ಮಗು ತರಿಸಿಕೊಳ್ಳುತ್ತಾನೆ ಎಂದು ಎಷ್ಟೋ ಸಲ ಅಣಕಿಸಿದ್ದ. ತಮ್ಮನೂ ಇಳಿದು ಬಂದು ಮೆಟ್ಟಿಲ ಹತ್ತಿರ ನಿಂತಿದ್ದ. ಬೇರೆ ಬೀದಿಯ ಡಾಕ್ಟರ ಹತ್ತಿರ ಹೋಗಿ ಮಣಿಕಟ್ಟಿಗೆ ಎರಡು ಸಲ ಇಂಜೆಕ್ಷನ್ ತೆಗೆದುಕೊಂಡು ಬಂದಿದ್ದಾನೆ, ಮೆಷಿನ್ ಹಿಡಿದರೆ ಹೆಬ್ಬೆರಳಿಗೆ ಬಿಡುವು ಸಿಗುತ್ತದೆ ಎಂದೇ ಅದನ್ನು ಹಿಡಿಯುವುದು, ಈಚೆಗೆ ಎರಡು ಕುರ್ಚಿಯ ಕೆಲಸ ಬಿದ್ದ ಮೇಲೆ ನಿದ್ದೆಯೂ ಇಲ್ಲ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಕಚಕಚಣ್ಣನಿಗೆ ಗೊತ್ತಿದ್ದುದು ಒಂದೇ ದಾರಿ. ತಮ್ಮನ ಮೇಲೆ ತಿರುಗಿದ.

"ಎರಡು ವರ್ಷದಿಂದ ನೋವಿದೆ ಅಂತ ಯಾಕೋ ಹೇಳ್ಲಿಲ್ಲ? ಬಾಯಿಗೆ ಏನಾಗಿತ್ತು?"

"ಹೇಳಿದ್ದೆ ಅಣ್ಣ," ಎಂದ ತಮ್ಮ. "ಅಂಗಡೀಲೇ ಹೇಳಿದ್ದೆ. 'ನನ್ನ ಕೈಗೆ ಮೂವತ್ತು ವರ್ಷದಿಂದ ಬರದ ನೋವು ನಿನ್ನ ಕೈಗೆ ಬಂತಾ, ನಿನ್ನದೇನು ಮದುವೆ ಹೆಣ್ಣಿನ ಕೈಯಾ' ಅಂದ್ರಿ. ಅಲ್ಲಿ ಕೂತಿದ್ದೋರೆಲ್ಲ ನಕ್ಕರು. ಆಮೇಲೆ ಹೇಳ್ಲಿಲ್ಲ."

ಕಚಕಚಣ್ಣನಿಗೆ ತಮ್ಮ ಹೇಳಿದ್ದು ನೆನಪಿರಲಿಲ್ಲ. ಆದರೆ ಆ ನಗು ನೆನಪಿತ್ತು. ಒಳ್ಳೆ ಮಾತು ಹೊಡೆದೆ ಎಂದು ಆವತ್ತೆಲ್ಲ ಖುಷಿಯಲ್ಲಿದ್ದದ್ದೂ ನೆನಪಿತ್ತು.

ಮರುದಿನ ಅವನೇ ತಮ್ಮನನ್ನು ಅದೇ ಕೋಣೆಗೆ ಕರೆದುಕೊಂಡು ಹೋದ. ಫಿಸಿಯೋ ನೋಡಿ ಮುಖ ಗಂಟಿಕ್ಕಿದಳು. ಎರಡು ಇಂಜೆಕ್ಷನ್ ಆಗಿದೆ, ಮೇಲಿಂದ ಮೇಲೆ ಅದನ್ನೇ ಕೊಡಲಾಗದು. ಆರು ವಾರ ಪಟ್ಟಿ ಹಾಕಿ, ದಿನಕ್ಕೆ ನಾಲ್ಕೈದು ತಲೆಗಿಂತ ಹೆಚ್ಚು ಮಾಡದೆ, ಖಾಲಿ ಕತ್ತರಿ ಒಂದೂ ಆಡಿಸದೆ ಇದ್ದು ನೋಡೋಣ, ಇಳಿಯದಿದ್ದರೆ ಆ ಹುರಿಯ ದಾರಿಯನ್ನು ಕೊಯ್ದು ಬಿಡಿಸಬೇಕಾಗುತ್ತದೆ ಎಂದು ಡಾಕ್ಟರೂ ಅವಳೂ ಸೇರಿ ಹೇಳಿದರು. ಆಪರೇಷನ್ ಎಂದಾಗ ತಮ್ಮ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ. ಕತ್ತರಿ ಹಿಡಿಯುವ ಕೈಗೆ ಇನ್ಯಾರೋ ಕತ್ತರಿ ಹಾಕುವುದು!

ಮೂರು ವಾರ ಕಳೆದರೂ ಊತ ಕದಲಲಿಲ್ಲ. ಖಾಲಿ ಕತ್ತರಿ ನಿಲ್ಲಿಸಿದ್ದೀರಾ ಎಂದು ಅವಳು ಕೇಳಿದರೆ ತಮ್ಮ ನಿಲ್ಲಿಸಿದ್ದೇನೆ ಎನ್ನುತ್ತಿದ್ದ. ಪಕ್ಕದಲ್ಲೇ ಕೂತ ಅಣ್ಣ ಹಲ್ಲು ಕಡಿಯುತ್ತಿದ್ದ, ಏಕೆಂದರೆ ದಿನಾ ಅವನ ಕಿವಿಯ ಹತ್ತಿರವೇ ಅದು ನಡೆಯುತ್ತಿತ್ತು. ಮಾಡಿದ ನಾಲ್ಕೇ ತಲೆಗೂ ಹಳೆಯ ಸದ್ದು. ಆಪರೇಷನ್ನಿಗೆ ನೀನೇ ಹಾದಿ ಮಾಡುತ್ತಿದ್ದೀಯ ಎಂದು ಕೂಗಿದಷ್ಟೂ ಆ ಕೈ ಜೋರಾಗಿ ಆಡುತ್ತಿತ್ತು. ತನಗೆ ಹನ್ನೊಂದು ದಿನದಲ್ಲಿ ಬಿಟ್ಟುಹೋದದ್ದು ಇವನಿಗೆ ಯಾಕೆ ಬಿಡದು? ಸುಳ್ಳು ಬೇರೆ ಹೇಳುತ್ತಾನೆ.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಅಣ್ಣ ಸಾಣೆಯವನ ಹತ್ತಿರ ಹೋಗಿ ತಡವಾಗಿ ಬಂದ. ಔಷಧಿ ಅಂಗಡಿಯ ತನಕ ಬಂದರೂ ತನ್ನ ಅಂಗಡಿಯಿಂದ ಸದ್ದಿಲ್ಲ. ಬಾಗಿಲು ಹಾಕಿಕೊಂಡು ಹೋಗಿಬಿಟ್ಟನೇ ಎಂದು ಸಿಟ್ಟಿನಲ್ಲೇ ಬಗ್ಗಿ, ಬಾಗಿಲ ಪರದೆಯ ಸಂದಿಯಿಂದ ನೋಡಿದ. ಒಳಗೆ ಹೆಡ್‌ಮಾಸ್ಟರು ಕೂತಿದ್ದರು. ತಮ್ಮ ಕೆಲಸ ಮಾಡುತ್ತಿದ್ದ. ಬಾಚಣಿಗೆ ಕೂದಲೆತ್ತಿದಾಗ ಕತ್ತರಿ ಒಂದು ಸಲ ಕಚ್ಚುತ್ತಿತ್ತು, ಆಮೇಲೆ ಬಾಯಿ ಮುಚ್ಚಿ ಸುಮ್ಮನೆ ಕಾಯುತ್ತಿತ್ತು. ಹೆಬ್ಬೆರಳು ಆರಾಮಾಗಿ ಮಲಗಿತ್ತು, ಭುಜ ಇಳಿದಿತ್ತು. ಇಷ್ಟು ಚೆಂದದ ಕೈಯನ್ನು ಕಚಕಚಣ್ಣ ತನ್ನ ಆಯುಸ್ಸಿನಲ್ಲೇ ನೋಡಿರಲಿಲ್ಲ. ಭೇಷ್ ಎನ್ನಬೇಕೆಂದು ಮೆಟ್ಟಿಲ ಮೇಲೆ ಕಾಲಿಟ್ಟ. ಚಪ್ಪಲಿ ಸದ್ದಾಯಿತು.

ಕಚಕಚ, ಕಚಕಚ, ಕಚಕಚ.

ತಮ್ಮ ತಿರುಗಿ ನೋಡಿರಲಿಲ್ಲ. ಮುಖದಲ್ಲೂ ಏನೂ ಬದಲಾಗಿರಲಿಲ್ಲ. ಕೈಯೊಂದೇ ತನ್ನಷ್ಟಕ್ಕೆ ಹೊರಟಿತ್ತು, ಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಅಣ್ಣ ಸದ್ದಾಗದಂತೆ ಕಾಲು ಹಿಂದಕ್ಕೆ ತೆಗೆದು ಗೋಡೆಗೊರಗಿ ನಿಂತ. ಸ್ವಲ್ಪ ಹೊತ್ತಿಗೆ ಕತ್ತರಿ ತಣ್ಣಗಾಯಿತು. ನಂಬಿಕೆ ಬರದೆ ಇನ್ನೊಮ್ಮೆ ಚಪ್ಪಲಿಯಿಂದ ಮೆಟ್ಟಿಲನ್ನು ಮುಟ್ಟಿದ. ಮತ್ತೆ ಕಚಕಚ. ತಮ್ಮ ಸುಳ್ಳು ಹೇಳಿರಲಿಲ್ಲ. ಅವನು ನಿಲ್ಲಿಸಿದ್ದ, ಕೈ ನಿಲ್ಲಿಸಿರಲಿಲ್ಲ; ಇಪ್ಪತ್ತೆರಡು ವರ್ಷ ಗಿರಾಕಿಯ ಕಿವಿಗೆಂದು ಆಡುತ್ತಿದೆ ಎಂದುಕೊಂಡಿದ್ದ ಕತ್ತರಿ ಅಷ್ಟು ವರ್ಷವೂ ಆಡಿದ್ದು ಅಣ್ಣನ ಭಯಕ್ಕೆ. ತಾನು ಸಂಗೀತ ಕೇಳಿದವನ ಹಾಗೆ ತಲೆದೂಗುತ್ತಿದ್ದ ಸದ್ದು ಅದು. ಕಚಕಚಣ್ಣನಿಗೆ ತನ್ನ ಮೇಲೆ ಬಂದ ಸಿಟ್ಟಿಗೆ ಕಣ್ಣು ಕತ್ತಲಿಟ್ಟಿತು. ಆ ತಲೆ ಮುಗಿಯುವ ತನಕ ಅವನು ಒಳಗೆ ಹೋಗಲಿಲ್ಲ.

ಮರುದಿನದಿಂದ ಅಂಗಡಿಗೆ ಎರಡು ಪಾಳಿ. ಬೆಳಿಗ್ಗೆಯಿಂದ ಒಂದು ಗಂಟೆಯ ತನಕ ಅಣ್ಣ ಒಬ್ಬನೇ, ಆಮೇಲೆ ನಾಲ್ಕು ತಲೆಗೆ ತಮ್ಮ ಒಬ್ಬನೇ. ಯಾಕೆ ಎಂದು ಅಣ್ಣ ಹೇಳಲಿಲ್ಲ, ತಮ್ಮ ಕೇಳಲಿಲ್ಲ. ಒಂದು ಗಂಟೆಗೆ ಬೀಗದ ಕೈಯನ್ನು ಔಷಧಿ ಅಂಗಡಿಯ ಕೌಂಟರಿನ ಮೇಲಿಟ್ಟು, ದಾರಿಯಲ್ಲಿ ಎದುರಾಗದಂತೆ ಅಣ್ಣ ಹಿಂದಿನ ಓಣಿಯಿಂದ ಮನೆಗೆ ಹೋಗುತ್ತಿದ್ದ. ಐದನೆಯ ವಾರಕ್ಕೆ ಊತ ಇಳಿಯತೊಡಗಿತು. ಎಂಟನೆಯ ವಾರ ಮುಷ್ಟಿ ಬಗ್ಗಿಸಿದಾಗ ತಮ್ಮ ಹುಬ್ಬು ಗಂಟಿಕ್ಕಿದನಷ್ಟೇ, ಕೂಗಲಿಲ್ಲ. ಆಪರೇಷನ್ ಬೇಡ, ವ್ಯಾಯಾಮ ಮಾತ್ರ ಬಿಡಬೇಡಿ, ಇನ್ನು ಪೂರ್ತಿ ದಿನ ಇಬ್ಬರೂ ಜೊತೆಗೇ ಕೆಲಸ ಮಾಡಬಹುದು ಎಂದಳು ಫಿಸಿಯೋ.

ಆಸ್ಪತ್ರೆಯ ಗೇಟಿನ ಹತ್ತಿರ ಅಣ್ಣ ನಿಂತ. ಮೂರು ದಿನದಿಂದ ಮನಸ್ಸಿನಲ್ಲೇ ತಿದ್ದಿಟ್ಟುಕೊಂಡಿದ್ದ ಮಾತಿತ್ತು. ನಾನು ಕಲಿಸಿದ್ದು ತಪ್ಪು ಕಣೋ ಎಂದ. ಕಷ್ಟಪಟ್ಟೇ ಅಂದ, ಆದರೆ ಅಂದ. ತಮ್ಮ ನೆಲ ನೋಡುತ್ತ ತಲೆಯಾಡಿಸಿದ.

"ಹಾಗಾದ್ರೆ ಸೋಮವಾರದಿಂದ ಒಟ್ಟಿಗೇ ತೆಗೆಯೋಣ ಅಂಗಡಿ," ಎಂದ ಅಣ್ಣ.

ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

"ಈಗ ಇರೋ ಹಾಗೇ ಇರಲಿ ಅಣ್ಣ," ಎಂದ. "ಅಂಗಡೀಲಿ ಒಬ್ಬನೇ ಇದ್ದಾಗ ನನಗೆ ಕೆಲಸ ಚೆನ್ನಾಗಿ ಬರುತ್ತೆ."

ಕಚಕಚಣ್ಣನಿಗೆ ಸಿಟ್ಟು ಬಂತು, ಬಾರದೆ ಇರುತ್ತದೆಯೇ? ಸಾಕಿ ಸಲಹಿದವನು, ಬೆರಳು ಹಿಡಿದು ಕಲಿಸಿದವನು, ಕೊನೆಗೆ ತಪ್ಪು ಒಪ್ಪಿಕೊಂಡವನು. ಬಾಯಿ ತೆರೆದ. ಎದುರಿಗೆ ತಮ್ಮನ ಭುಜ ಮೆಲ್ಲಗೆ ಮೇಲೇಳುವುದು ಕಂಡಿತು. ತೆರೆದ ಬಾಯಿ ಮುಚ್ಚಿದ. ಸರಿ, ನಿನ್ನಿಷ್ಟ ಎಂದು ಹೇಳಿ, ನೀನು ಮುಂದೆ ಹೋಗು, ನನಗೆ ಸ್ವಲ್ಪ ಕೆಲಸವಿದೆ ಎಂದ. ತಮ್ಮ ಬೀದಿಯ ತಿರುವು ದಾಟುವ ತನಕ ಗೇಟಿನ ಹತ್ತಿರವೇ ನಿಂತಿದ್ದ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ.